ಬ್ಯಾಗಿನಲ್ಲಿ ಹಿಡಿಯುವ ಬಡಿಗೆ

"ಬ್ಯಾಗಿಗೆ ತಗೋತೀರೋ, ಲೆನ್ಸಿಗೆ ತಗೋತೀರೋ, ದಾದಾ?" ಎಂದು ಅಂಗಡಿಯ ಸುಹಾಸ ಕೇಳಿದ.

ಮುಂಬೈಯ ಬಾಂದ್ರಾ ಸ್ಟೇಷನ್ನಿನ ಹತ್ತಿರದ ಆ ಕ್ಯಾಮೆರಾ ಅಂಗಡಿಯಲ್ಲಿ ಗಾಜಿನ ಮೇಜಿನ ಮೇಲೆ ಮೂರು ಮೊನೊಪಾಡುಗಳು ಮಲಗಿದ್ದವು. ಒಂಟಿ ಕಾಲಿನ ಕೋಲುಗಳು. ಒಂದರೊಳಗೊಂದು ಸೇರಿದ ಕೊಳವೆಗಳನ್ನು ಎಳೆದರೆ ಉದ್ದವಾಗುತ್ತವೆ. ಕೆಳಗೆ ರಬ್ಬರಿನ ಗೊರಸು, ಮೇಲೆ ಲೆನ್ಸು ಕೂರಿಸುವ ತಿರುಪು. ಪತ್ರಿಕೆಯ ಫೋಟೊಗ್ರಾಫರ್ ಕಾಶಿನಾಥ ತನ್ನ ಕಪ್ಪು ಬ್ಯಾಗಿನ ಬಾಯಿ ತೆರೆದು ಒಂದೊಂದನ್ನೇ ಒಳಗೆ ತುರುಕಿ ನೋಡುತ್ತಿದ್ದ. ದಪ್ಪನೆಯದರ ತಲೆ ಹೊರಗೆ ಇಣುಕಿತು. ನಡುವಿನದೂ ಹಾಗೆಯೇ. ತೆಳ್ಳನೆಯದು ಮಾತ್ರ ಪೂರ್ತಿ ಒಳಗೆ ಹೋಗಿ ಜಿಪ್ಪು ಮುಚ್ಚಿತು.

"ಇದನ್ನ ಕೊಡು."

"ಕೇಳಿ ಇಲ್ಲಿ. ನಿಮ್ಮ ಆ ಬಿಳಿ ಲೆನ್ಸು ಎತ್ತಿದ್ರೆ ಕೂಸು ಎತ್ತಿದ ಹಾಗಾಗ್ತದೆ. ಇದು ಐದು ತುಂಡಿನದು. ಕೆಳಗೆ ಬಂದಷ್ಟೂ ಸಣ್ಣ, ಕೊನೆಯದು ನನ್ನ ಬೆರಳಷ್ಟು. ಟೂರಿಗೆ ಹೋಗೋರು ಚಿಕ್ಕ ಕ್ಯಾಮೆರಾಕ್ಕೆ ಹಾಕ್ಕೋತಾರೆ. ಆ ದಪ್ಪದ್ದು ಮೂರೇ ತುಂಡು, ನೀವು ಜೋತು ಬಿದ್ದರೂ ಕುಸಿಯೋದಿಲ್ಲ."

"ನಾ ಯಾಕ ಜೋತ ಬೀಳ್ಲಿ? ನನಗೇನಾಗೇದ?"

ಸುಹಾಸ ಮರಾಠಿಯಲ್ಲಿ ಹೇಳುತ್ತಿದ್ದ, ಕಾಶಿನಾಥ ವಿಜಯಪುರದ ಎಳೆತ ಹತ್ತಿದ ಹಿಂದಿಯಲ್ಲಿ ಗದರುತ್ತಿದ್ದ. ಇಬ್ಬರಿಗೂ ಇದು ಹೊಸದಲ್ಲ. ಸುಹಾಸ ತೆಳ್ಳನೆಯದನ್ನು ಡಬ್ಬಿಗೆ ಹಾಕಿದ.

"ಈ ಉಂಗುರ ಇದೆಯಲ್ಲ, ತಿರುಗಿಸಿ ಬಿಗಿ ಮಾಡೋದು. ಪ್ಲಾಸ್ಟಿಕ್ಕಿನದು. ಕೈಯಿಂದ ಬಿಗಿ ಮಾಡಿ, ಸಿಟ್ಟಿನಿಂದ ಬೇಡ."

"ಡಬ್ಬಿ ಬ್ಯಾಡ. ಹಂಗ ಕೊಡು."

ಮಲಾಡಿನ ಮನೆಗೆ ಬಂದಾಗ ಹೆಂಡತಿ ಶಿವಕುಮಾರಿ ಚಹಾ ತಂದಿಟ್ಟಳು. ಅವನು ಗ್ಲಾಸು ಎತ್ತಿದ, ಚಹಾ ಅಂಚಿಗೆ ಬಂದು ಅಲುಗಾಡಿತು, ಕೆಳಗಿಟ್ಟ. ಬಸಿಗೆ ಸುರಿದುಕೊಂಡು, ಬಸಿಯನ್ನು ಮೇಜಿನ ಮೇಲೇ ಬಿಟ್ಟು, ಬಾಯನ್ನು ಅದರ ಹತ್ತಿರ ಒಯ್ದ. ಬಲಭುಜ ಜಾಮ್ ಆಗಿ ಮಳೆಗಾಲವೇ ಕಳೆದಿತ್ತು. ಕೈ ಎದೆಯ ಮಟ್ಟಕ್ಕೆ ಬಂದರೆ ಸಾಕು, ಒಳಗೆ ಯಾರೋ ತಂತಿ ಮೀಟಿದ ಹಾಗೆ ನಡುಗುತ್ತಿತ್ತು.

"ಆಫೀಸಿನಾಗ ಹೇಳಿಬಿಡ್ರಿ. ಹಿಂಗಿಂಗ ಆಗೇದ ಅಂತ. ಅವರೇನ ಹುಲಿ ಅಲ್ಲ."

"ನೀ ಸುಮ್ನಿರ್ತೀಯೇನು?"

"ನಾ ಸುಮ್ನಿದ್ರ ಭುಜ ಸುಮ್ನಿರ್ತದೇನು?"

ಅವನು ಕಪಾಟಿನ ಮೇಲೆ ನೋಡಿದ. ಶಿವಕುಮಾರಿಯ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಉದ್ದನೆಯ ಲೆನ್ಸು ಅಲ್ಲಿತ್ತು. ಅದು ಪತ್ರಿಕೆಯ ಆಸ್ತಿ, ಆದರೆ ಎಷ್ಟೋ ವರ್ಷದಿಂದ ಅವನ ಮನೆಯಲ್ಲೇ ಇತ್ತು. ಮನೆಗೆ ಬಂದವರು ಮೊದಲು ಅದನ್ನೇ ಕೇಳುತ್ತಿದ್ದರು. ಮೊನ್ನೆ ಆಫೀಸಿನಲ್ಲಿ ಫೋಟೊ ವಿಭಾಗದ ರಂಜನಾ, ಅವನಿಗಿಂತ ತೀರಾ ಚಿಕ್ಕವಳು, ಅವನು ತೆಗೆದ ಫುಟ್‌ಬಾಲ್ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದ್ದಳು. ಆಟಗಾರನ ಮುಖ ಮಳೆನೀರು ಇಳಿವ ಕಿಟಕಿಯ ಆಚೆ ನಿಂತ ಹಾಗಿತ್ತು.

"ಕಾಶಿಜಿ, ಬೇಜಾರು ಮಾಡ್ಕೋಬೇಡಿ. ಭಾನುವಾರದ ಹೆಣ್ಣುಮಕ್ಕಳ ಕ್ರಿಕೆಟ್ ಫೈನಲ್ ನೀವೇ ಮಾಡಿ. ಒಂದೇ ಒಂದು ಶಾರ್ಪ್ ಫೋಟೊ ಬೇಕು. ಆಗಲಿಲ್ಲ ಅಂದ್ರೆ ಲೆನ್ಸು ಜಮಾ ಮಾಡಿ, ಡೆಸ್ಕಿಗೆ ಬನ್ನಿ. ಚಿತ್ರದ ಕೆಳಗೆ ಬರೆಯೋದಕ್ಕೂ ಒಬ್ಬರು ಬೇಕು."

ಫೋಕಸ್ಸಿನ ಮೋಟರು ಕೆಟ್ಟಿದೆ ಎಂದು ಅವನು ರೇಗಿದ್ದ. ಅವಳು ಚಿತ್ರ ಮುಚ್ಚಿ ಬೇರೆ ಕೆಲಸಕ್ಕೆ ತಿರುಗಿದ್ದಳು. ಅದೇ ಅವನನ್ನು ಹೆಚ್ಚು ಕೆಣಕಿತ್ತು.

ಎಲ್ಲರ ಕಣ್ಣಿಗೆ ಬೀಳುವ ಮೊನೊಪಾಡ್ ತೆಗೆದುಕೊಳ್ಳುವುದಕ್ಕೆ ಅಡ್ಡಿಯಾದವನು ದೂಜ. ಉಡುಪಿ ಕಡೆಯ ದೂಜ ಇನ್ನೊಂದು ಪತ್ರಿಕೆಯ ಫೋಟೊಗ್ರಾಫರ್. ಇಬ್ಬರೂ ಒಂದೇ ಮೈದಾನಗಳಲ್ಲಿ ಬಿಸಿಲು ತಿಂದವರು. ಕತ್ತಿನ ಆಪರೇಷನ್ ಆದ ಮೇಲೆ ದೂಜ ಮೊದಲ ಸಲ ಮೊನೊಪಾಡ್ ಹಿಡಿದು ಬಂದ ದಿನ ಕಾಶಿನಾಥ ಎಲ್ಲರ ಮುಂದೆ ಕೂಗಿದ್ದ: "ಯಾಕೋ ದೂಜಾ, ಕುರಿ ಕಾಯಾಕ ಹೊಂಟೀಯೇನು ಬಡಿಗಿ ಹಿಡ್ಕೊಂಡು?" ಉಳಿದವರು ಅದನ್ನು ಹಿಂದಿಗೆ ಎಳೆದರು. ಅಂದಿನಿಂದ ದೂಜ 'ಡಂಡಾ' ಆದ. ಹೊಸದಾಗಿ ಬಂದ ಹುಡುಗರಿಗೆ, ಮೈದಾನದ ಚಹಾದವನಿಗೆ, ಎಲ್ಲರಿಗೂ 'ಡಂಡಾ ಅಂಕಲ್'. ದೂಜ ನಗುತ್ತಿದ್ದ. ಕೈಯಲ್ಲಿ ಲೆನ್ಸು ಹಿಡಿಯಲಾರದವನು ಮನೆಯಲ್ಲಿ ಕೂರಬೇಕು ಎಂದು ಕಾಶಿನಾಥ ಎಷ್ಟು ಸಲ ಅಂದಿದ್ದನೋ, ಲೆಕ್ಕವಿಲ್ಲ.

ಭಾನುವಾರ ಗೋರೆಗಾಂವ್ ಮೈದಾನಕ್ಕೆ ಅವನು ಎಲ್ಲರಿಗಿಂತ ಮೊದಲು ಹೋದ. ಫೋಟೊಗ್ರಾಫರುಗಳು ಜಾಗ ಹಿಡಿಯುವುದು ಲೋಕಲ್ ರೈಲಿನಲ್ಲಿ ಸೀಟಿಗೆ ಕರವಸ್ತ್ರ ಎಸೆದ ಹಾಗೆ. ಬೌಂಡರಿ ಹಗ್ಗದ ಆಚೆ ಯಾರ ಸ್ಟೂಲು ಮೊದಲು ಬೀಳುತ್ತದೋ ಜಾಗ ಅವರದು. ಕಾಶಿನಾಥನ ಸ್ಟೂಲು ಯಾವಾಗಲೂ ಎಲ್ಲರಿಗಿಂತ ಮುಂದೆ. ಇಂದು ಅವನು ಅದನ್ನು ಹಿಂದೆ, ಜಾಹೀರಾತಿನ ಬಟ್ಟೆಗೆ ಒತ್ತಿ ಇಟ್ಟ. ದೂಜ ಬಂದು ಅವನ ಮುಂದೆ ತನ್ನ ಗಿಡ್ಡ ಸ್ಟೂಲು ಹಾಕಿದ. ಹೆಗಲ ಮೇಲೆ ಮೈ ಒರೆಸುವ ಬೈರಾಸು, ಕೈಯಲ್ಲಿ ಭಾವನ ಹೋಟೆಲಿನ ಇಡ್ಲಿ ಪೊಟ್ಟಣ, ಕಂಕುಳಲ್ಲಿ ಆ ದಪ್ಪನೆಯ ಮೊನೊಪಾಡ್.

"ಎಂತ ಮಾರಾಯ, ರಾಜರು ಇವತ್ತು ಹಿಂದೆ?"

"ಮುಂದ ಬಿಸಿಲದ."

ದೂಜ ಮೋಡ ಕವಿದ ಆಕಾಶವನ್ನೊಮ್ಮೆ ನೋಡಿದ. "ಹೌದು ಹೌದು, ಭಾರಿ ಬಿಸಿಲು. ಇಡ್ಲಿ ತಿಂತಿಯಾ?"

ಸೈಕಲ್ಲಿನ ಚಹಾದವನು ಬಂದ. "ಡಂಡಾ ಅಂಕಲ್, ಚಾಯ್?" ದೂಜ ಎರಡು ಬೆರಳು ಎತ್ತಿದ. ಕಾಶಿನಾಥ ಕೂಡಲೇ, "ನನಗ ಬ್ಯಾಡ" ಅಂದ. ಚಹಾ ಬೇಡ ಅನ್ನುವ ಕಾಶಿನಾಥನನ್ನು ದೂಜ ಒಂದು ಕ್ಷಣ ದಿಟ್ಟಿಸಿ ಮುಂದೆ ತಿರುಗಿದ.

ಆಟ ಶುರುವಾದ ಮೇಲೆ ಕಾಶಿನಾಥ ಕಾಲುಗಳ ಸಂದಿಯಲ್ಲಿ ಮೊನೊಪಾಡ್ ಹೊರತೆಗೆದ. ಯಾವ ತುಂಡು ಮೊದಲು ಎಳೆಯಬೇಕು ಎಂದು ಅವನು ಸುಹಾಸನನ್ನು ಕೇಳಿರಲಿಲ್ಲ. ಕೈಗೆ ಸಿಕ್ಕಿದ್ದು ಕೆಳಗಿನ ತೆಳ್ಳನೆಯವು. ಅವನ್ನೇ ಎಳೆದ, ಲೆನ್ಸಿನ ಪಟ್ಟಿಯನ್ನು ತಿರುಪಿಗೆ ಕೂರಿಸಿದ. ಮೊದಲಿಗೆ ಭುಜಕ್ಕೆ ಅದೆಂಥ ಸುಖವಾಯಿತು! ಭಾರವೆಲ್ಲ ನೆಲಕ್ಕೆ ಇಳಿದಿತ್ತು. ಇಷ್ಟು ದಿನ ಯಾಕೆ ಹೆಣಗಿದೆ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಆದರೆ ಒಬ್ಬಳು ಫೀಲ್ಡರು ಹಾರಿ ಕ್ಯಾಚ್ ಹಿಡಿದಾಗ ಚೌಕಟ್ಟಿನಲ್ಲಿ ಇದ್ದದ್ದು ಹುಲ್ಲು. ಕೋಲು ಸದ್ದಿಲ್ಲದೆ ಬೆರಳಷ್ಟು ಕುಸಿದಿತ್ತು. ಉಂಗುರ ತಿರುಗಿಸಿ ಬಿಗಿ ಮಾಡಿದ. ಎರಡು ಓವರಿನಲ್ಲಿ ಮತ್ತೆ ಕುಸಿಯಿತು. ಮತ್ತೆ ಬಿಗಿ ಮಾಡಿದ. ಒಬ್ಬಳ ಅರ್ಧಶತಕ ಬಂತು. ಅವಳು ಬ್ಯಾಟ್ ಎತ್ತಿದಾಗ ಅವನ ಲೆನ್ಸು ಅವಳ ಮೊಣಕಾಲು ನೋಡುತ್ತಿತ್ತು. ಊಟದ ಹೊತ್ತು ಕಳೆಯಿತು, ಎರಡನೆಯ ತಂಡ ಆಡಲು ಬಂತು, ಮೋಡ ಇನ್ನಷ್ಟು ಇಳಿದು ಬೆಳಕು ಮಂಕಾಯಿತು. ಕ್ಯಾಮೆರಾದ ಪರದೆಯಲ್ಲಿ ಒಂದೊಂದೇ ಚಿತ್ರ ಸರಿಸಿದ. ಅಳಿಸಿದ. ಸರಿಸಿದ. ಅಳಿಸಿದ.

ಮುಂದೆ ದೂಜ ತನ್ನಷ್ಟಕ್ಕೆ ಗೊಣಗುತ್ತಿದ್ದ. "ಥತ್, ಇವತ್ತು ನನ್ನ ಗ್ರಹಚಾರವೇ ಸರಿ ಇಲ್ಲ. ಕ್ಯಾಚ್ ಹಿಡಿಯುವಾಗ ಅಂಪೈರ್ ಅಡ್ಡ, ಬ್ಯಾಟ್ ಎತ್ತಿದರೆ ಆ ಕಡೆ ಮುಖ. ಪೇಪರಿಗೆ ಎಂತ ಕೊಡುದು, ಅಂಪೈರನ ಬೆನ್ನಾ?"

ಕೊನೆಯ ವಿಕೆಟ್ ಉಳಿದಿತ್ತು. ಗೆಲ್ಲಲು ರನ್ನು ಕೆಲವೇ ಬಾಕಿ. ಬೌಲಿಂಗಿಗೆ ಶ್ರೇಯಾ ಬಂದಳು, ಆ ಟೂರ್ನಿಯ ಅತ್ಯಂತ ವೇಗದ ಹುಡುಗಿ. ವಿಕೆಟ್ ಹಾರಿದರೆ ಇವರ ಕಡೆಗೇ ಓಡಿ ಬರುತ್ತಾಳೆ ಎಂದು ಎಲ್ಲರಿಗೂ ಗೊತ್ತು. ಚಿತ್ರ ಅಂದರೆ ಇನ್ನು ಇದೊಂದೇ. ಕಾಶಿನಾಥ ಲೆನ್ಸು ನೇರ ಮಾಡಿದ. ಕೋಲು ಮತ್ತೆ ಇಳಿಯಿತು. ಹಲ್ಲು ಕಚ್ಚಿ, ಮೈಯಲ್ಲಿದ್ದ ಕಸುವನ್ನೆಲ್ಲ ಎಡಗೈಗೆ ತಂದು ಉಂಗುರ ತಿರುವಿದ.

ಟಕ್.

ಉಂಗುರ ಎರಡು ಹೋಳಾಗಿ ಹುಲ್ಲಿಗೆ ಬಿತ್ತು. ತೆಳ್ಳನೆಯ ತುಂಡುಗಳು ಒಂದರೊಳಗೊಂದು ಸರ್ರನೆ ಹೋದವು. ಲೆನ್ಸಿನ ಪೂರ್ತಿ ಭಾರ ಬಲಗೈಗೆ ಬಿದ್ದು ಅವನ ಬಾಯಿಂದ ಬೈಗುಳ ಹೊರಟಿತು.

"ಮುರಿದದ್ದು ಬಡಿಗೆಯಾ, ಕೈಯಾ?" ದೂಜ ತಿರುಗದೆಯೇ ಕೇಳಿದ.

"ಯಾವ ಬಡಿಗಿ?"

"ಬೆಳಿಗ್ಗೆಯಿಂದ ಕೇಳ್ತಾ ಇದ್ದೇನೆ ಮಾರಾಯ, ತಿರುಗಿಸುವ ಸದ್ದು. ನನಗೆ ಗೊತ್ತಾಗುದಿಲ್ವಾ? ಮೇಲಿನ ದಪ್ಪದ್ದು ಮೊದಲು ಎಳೀಬೇಕು. ಕೆಳಗಿಂದ ಎಳೆದ್ರೆ ಅದು ಉಳಿಯುವುದುಂಟಾ?"

"ಗೊತ್ತಿದ್ರ ಆವಾಗ ಬೊಗಳಾಕ ಏನಾಗಿತ್ತು ನಿನಗ?"

"ಹೇಳಿದ್ರೆ ನೀನು ಅದನ್ನು ತೆಗೆದು ನನ್ನ ತಲೆಗೇ ಹೊಡೀತಿದ್ದಿ."

ಕಾಶಿನಾಥ ಮುರಿದ ಕೋಲನ್ನು ಕಿತ್ತು ಹಿಂದಕ್ಕೆ ಎಸೆದ. ಲೆನ್ಸನ್ನು ಕೈಯಲ್ಲೇ ಎತ್ತಿದ. ಕಣ್ಣಿನ ಮುಂದೆ ಮೈದಾನವೆಲ್ಲ ಕುದಿಯುವ ನೀರಿನ ಹಾಗೆ ಅಲುಗಿತು. ಶ್ರೇಯಾ ಓಡಿ ಬಂದು ಎಸೆದಳು. ಬ್ಯಾಟಿನ ಅಂಚು ಸವರಿ ಚೆಂಡು ಹಿಂದೆ ಹೋಯಿತು. ಒಂದು ರನ್ನು. ಅವನ ಕೈ ತಾನಾಗಿ ಕೆಳಗೆ ಬಂತು. ಮತ್ತೆ ಎತ್ತಲು ನೋಡಿದ. ಮೊಣಕೈ ಮೇಲೆ ಏಳಲಿಲ್ಲ.

ಮುಂದೆ ಕುಳಿತಿದ್ದ ದೂಜ ಹೆಗಲ ಬೈರಾಸನ್ನು ನಾಲ್ಕು ಮಡಿಕೆ ಮಾಡಿ ಬಲಭುಜದ ಮೇಲೆ ಇಟ್ಟುಕೊಂಡ. ಅದರ ಮೇಲೆ ಎರಡು ಸಲ ತಟ್ಟಿದ.

"ಇಡು ಇಲ್ಲಿ."

"ಏ, ಹೋಗೋ."

"ಅವಳು ನಿನಗಾಗಿ ಕಾಯ್ತಾಳಾ? ಇಡು ಅಂದೆ."

"ಮತ್ತ ನಿಂದು?"

"ನಂದು ಬೆಳಿಗ್ಗೆಯೇ ಆಗಿದೆ."

ದೂಜ ತನ್ನ ಮೊನೊಪಾಡನ್ನು ಕ್ಯಾಮೆರಾ ಸಮೇತ ತೊಡೆಗಳ ನಡುವೆ ಮಲಗಿಸಿದ. ಅಲುಗದ ಹಾಗೆ ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಊರಿದ. ಕಾಶಿನಾಥ ಮಂಡಿಯೂರಿ ಮುಂದೆ ಸರಿದು ಲೆನ್ಸನ್ನು ಬೈರಾಸಿನ ಮೇಲಿಟ್ಟ. ಅದು ದೂಜನ ಕಿವಿಯ ಪಕ್ಕದಿಂದ ಮೈದಾನದ ಕಡೆಗೆ ಚಾಚಿತು. ಅಷ್ಟು ಹತ್ತಿರದಿಂದ ದೂಜನ ಕತ್ತಿನ ಹಿಂದಿನ ಗಾಯದ ಗೆರೆ ಕಾಣುತ್ತಿತ್ತು. ಅದನ್ನು ಕಾಶಿನಾಥ ಇದುವರೆಗೆ ನೋಡಿರಲಿಲ್ಲ. ದೂಜ ಉಸಿರಾಡಿದಾಗ ಶ್ರೇಯಾ ಚೌಕಟ್ಟಿನಲ್ಲಿ ಮೇಲೆ ಹೋದಳು, ಕೆಳಗೆ ಬಂದಳು.

"ಉಸಿರು ಬಿಡಬ್ಯಾಡೋ."

"ಸಾಯಿಸು ನನ್ನ."

ಶ್ರೇಯಾ ಓಡತೊಡಗಿದಳು. ಭುಜದ ಏರಿಳಿತ ನಿಂತಿತು. ಲೆನ್ಸಿನ ಕೆಳಗೆ ಮನುಷ್ಯನಿದ್ದಾನೋ ಗೋಡೆಯಿದೆಯೋ ತಿಳಿಯದ ಹಾಗೆ ನಿಂತಿತು. ನಡುವಿನ ಸ್ಟಂಪು ಬುಡ ಸಮೇತ ಎದ್ದು ಗಾಳಿಯಲ್ಲಿ ತಿರುಗಿತು. ಅವಳು ಎರಡೂ ಕೈ ಚಾಚಿ, ಬಾಯಿ ತೆರೆದು, ನೇರ ಇವರ ಕಡೆಗೇ ಓಡಿ ಬಂದಳು. ಕಾಶಿನಾಥನ ಬೆರಳು ಗುಂಡಿಯನ್ನು ಬಿಡಲೇ ಇಲ್ಲ.

ಎಲ್ಲರೂ ಎದ್ದು ಕೂಗುತ್ತಿದ್ದರು. ದೂಜ ದೀರ್ಘವಾಗಿ ಉಸಿರು ಬಿಟ್ಟು ಕೆಮ್ಮಿದ.

"ಸಿಕ್ಕಿತಾ?"

ಕಾಶಿನಾಥ ಪರದೆಯ ಮೇಲೆ ಚಿತ್ರ ದೊಡ್ಡದು ಮಾಡಿದ. ಹುಡುಗಿಯ ಹುಬ್ಬಿನ ಮೇಲಿನ ಬೆವರಿನ ಹನಿಗಳು ಬೇರೆಬೇರೆಯಾಗಿ ಕಾಣುತ್ತಿದ್ದವು.

"ಎಂತ ಮಾರಾಯ, ಬಾಯಿಗೆ ಬೀಗ ಹಾಕಿದ್ಯಾ? ಸಿಕ್ಕಿತಾ ಇಲ್ವಾ?"

"ಸಿಕ್ಕೇದ."

ಕಾಶಿನಾಥ ಚಿತ್ರವನ್ನು ಆಫೀಸಿಗೆ ಕಳಿಸಿದ ಮೇಲೆ ಇಬ್ಬರೂ ಗೇಟಿನ ಕಡೆಗೆ ಹೊರಟಾಗ ದೂಜ ಬಲಭುಜವನ್ನು ಉಜ್ಜಿಕೊಳ್ಳುತ್ತಿದ್ದ. ಕತ್ತು ಒಂದು ಕಡೆಗೆ ಹೊರಳುತ್ತಿರಲಿಲ್ಲ. ಕಾಶಿನಾಥ ಅವನ ಕಂಕುಳಿಂದ ಮೊನೊಪಾಡ್ ಎಳೆದುಕೊಂಡ.

"ಕೊಡೋ, ನಾನೇ ಹಿಡೀತೇನೆ."

"ಸುಮ್ನ ನಡಿ."

ಫೋನು ಗುಂಯ್ಗುಟ್ಟಿತು. ರಂಜನಾ: 'ಏಕ್‌ದಮ್ ಶಾರ್ಪ್. ಮೊನೊಪಾಡ್ ತಗೊಂಡ್ರಾ?' ಓದಿ ಜೇಬಿಗೆ ಹಾಕಿಕೊಂಡ. ದೂಜನ ಫೋನೂ ಗುಂಯ್ಗುಟ್ಟಿತು, ಅವನ ಪತ್ರಿಕೆಯದಿರಬೇಕು. ದೂಜ ಅದನ್ನು ತೆಗೆದು ನೋಡಲಿಲ್ಲ.

"ನಾಳೆ ಹೋಗಿ ದಪ್ಪದ್ದು ತಗೋ."

"ಅದು ಬ್ಯಾಗಿನಾಗ ಹಿಡಿಯೂದಿಲ್ಲ."

"ಹೊರಗೆ ಹಿಡ್ಕೋ."

ಗೇಟಿನ ಹೊರಗೆ ರಸ್ತೆಯಲ್ಲಿ ರಿಕ್ಷಾಗಳು ಹಾರ್ನು ಹೊಡೆಯುತ್ತ ಮುಗಿಬಿದ್ದಿದ್ದವು. ಚಹಾದವನು ಸೈಕಲ್ಲನ್ನು ಕಾಂಪೌಂಡಿಗೆ ಒರಗಿಸಿ, ತಲೆ ಎತ್ತದೆಯೇ ಗ್ಲಾಸು ತೊಳೆಯುತ್ತ ಕೇಳಿದ: "ಡಂಡಾ ಅಂಕಲ್, ಚಾಯ್?"

ದೂಜ ಬಾಯಿ ತೆರೆಯುವ ಮೊದಲೇ, ಕೋಲು ಹೆಗಲಿಗೇರಿಸಿದ್ದ ಕಾಶಿನಾಥ ಹೇಳಿದ: "ಹಾಂ. ದೋ ದೇ."

ಚಹಾದವನು ತಲೆ ಎತ್ತಿ ಇವನನ್ನು ನೋಡಿದ, ಅವನನ್ನು ನೋಡಿದ, ಎರಡು ಗ್ಲಾಸು ತುಂಬಿದ. ಕಾಶಿನಾಥ ಬಲಗೈ ಚಾಚಿ ಒಂದನ್ನು ಹಿಡಿದ. ಗ್ಲಾಸು ನಡುಗಿತು. ಚಹಾ ಅಂಚು ದಾಟಿ ಬೆರಳ ಮೇಲೆ ಇಳಿದು ಬೂಟಿನ ಮೇಲೆ ತೊಟ್ಟಿಕ್ಕಿತು. ದೂಜ ರಸ್ತೆಯ ಆಚೆ ನೋಡುತ್ತ ತನ್ನ ಗ್ಲಾಸನ್ನು ಊದುತ್ತಿದ್ದ. ಕಾಶಿನಾಥ ಬೆರಳು ಒರೆಸಿಕೊಳ್ಳಲಿಲ್ಲ. ಗ್ಲಾಸನ್ನು ಮೆಲ್ಲಗೆ ಬಾಯಿಯ ತನಕ ತಂದು ಒಂದು ಗುಟುಕು ಕುಡಿದ.