ತಮ್ಮನ ಮೀಸಲು

ಬಲಗಾಲು ಮಡಚುತ್ತಿರಲಿಲ್ಲ.

ಎಡಗಾಲು ಹೇಗೋ ಚಕ್ಕಳಮಕ್ಕಳಕ್ಕೆ ಬಂದಿತ್ತು. ಬಲಗಾಲು ಮಾತ್ರ ಯಾರು ಎಷ್ಟು ಒತ್ತಿದರೂ ಜಗ್ಗದೆ ನೆಟ್ಟಗೆ ಚಾಚಿಕೊಂಡೇ ಇತ್ತು. ಜೀವ ಹೋದ ಕೂಡಲೇ ಕೂರಿಸಿಬಿಡಬೇಕಿತ್ತು. ಕಡೂರಿನ ನೆಂಟರು ಬರಲಿ, ಕ್ರಿಯೆ ಮಾಡಿಸುವ ಅಯ್ಯನೋರು ಬರಲಿ ಎಂದು ಆ ಮಾತು ಈ ಮಾತಿನಲ್ಲಿ ಹೊತ್ತು ಕಳೆದುಹೋಗಿ ತೀರ್ಥಪ್ಪನ ಮೈ ಮರಗಟ್ಟಿತ್ತು. ಮಲಗಿಸಿ ಮಣ್ಣು ಮಾಡುವ ಜನವಲ್ಲ. ಹೆಗಲ ಮೇಲೆ ಹೊರುವ ವಿಮಾನದಲ್ಲಿ ಕೂತು ಊರು ನೋಡುತ್ತ ಹೋಗಬೇಕು, ಗುಂಡಿಯೊಳಗೂ ಕೂತೇ ಇರಬೇಕು. ಕಾಲು ಚಾಚಿದವನನ್ನು ಕೂರಿಸುವುದು ಹೇಗೆ?

"ಬಿಸಿನೀರು ತರ್ರವ್ವಾ, ಬಟ್ಟೆ ಅದ್ದಿ ಶಾಖ ಕೊಡಾನ," ಎಂದ ಪುಟ್ಟಯ್ಯ. ಅವನು ತೀರ್ಥಪ್ಪನ ದಾಯಾದಿ. ಅಜ್ಜಂಪುರದ ಪೇಟೆಬೀದಿಯಲ್ಲಿ ಯಾರು ಸತ್ತರೂ ಮೊದಲು ಬರುವವನು, ಬಂದ ಮೇಲೆ ಬಾಯಿ ಮುಚ್ಚದವನು.

"ಏನೋ ಮನ್ಸಲ್ಲಿ ಉಳ್ಕೊಂಡೈತೆ ಕಣ್ರೀ," ಎಂದಳು ಪಕ್ಕದ ಮನೆಯ ಕರಿಬಸಮ್ಮ. "ಇಲ್ದಿದ್ರೆ ಕಾಲು ಹಿಂಗೆ ಹಟ ಹಿಡಿಯಲ್ಲ."

ಕಂಬಕ್ಕೊರಗಿ ಕೂತಿದ್ದ ವಿಶಾಲಾಕ್ಷಮ್ಮ ತಲೆಯೆತ್ತಿದಳು. ಸತ್ತವನು ಅವಳ ಗಂಡ. ಅವನ ಮನಸ್ಸಿನಲ್ಲಿ ಉಳಿದದ್ದು ಏನೆಂದು ಅವಳಿಗೆ ಗೊತ್ತಿತ್ತು. ಮೊನ್ನೆ ಮಾತು ನಿಲ್ಲುವ ಮೊದಲು ಅವಳ ಕೈ ಹಿಡಿದು ಹೇಳಿದ್ದ: "ನಂಗಂತೂ ಬಾಯಿ ಬರ್ಲಿಲ್ಲ. ನನ್ನ ಮಣ್ಣು ಮಾಡೋದ್ರೊಳಗೆ ಶಂಕ್ರಿಗೆ ನೀನೇ ಹೇಳ್ಬಿಡು." ಅವಳು ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ.

ಅಡಿಗೆಮನೆಯಿಂದ ಶಬ್ದ ಬಂತು. ಒಂದು ಹೆಜ್ಜೆ ಟಪ್ಪೆಂದು ಬೀಳುವುದು, ಇನ್ನೊಂದು ಸರ್ರನೆ ನೆಲ ಒರೆಸಿಕೊಂಡು ಬರುವುದು. ಬಿಸಿನೀರಿನ ಪಾತ್ರೆ ಹಿಡಿದು ಬಂದವಳು ಶಂಕರಮ್ಮ, ತೀರ್ಥಪ್ಪನ ತಮ್ಮನ ಮಗಳು, ಮನೆಯವರ ಬಾಯಲ್ಲಿ ಶಂಕ್ರಿ. ಹತ್ತೊಂಬತ್ತರ ಹುಡುಗಿ. ಅವಳ ಬಲಪಾದ ಒಳಕ್ಕೆ ತಿರುಚಿಕೊಂಡು ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ದೊಡ್ಡಪ್ಪನ ಪಕ್ಕ ಕೂತು, ಅಳುತ್ತಲೇ ಬಟ್ಟೆ ಹಿಂಡಿ ಹಿಂಡಿ ಆ ಮೊಳಕಾಲಿಗೆ ಶಾಖ ಕೊಟ್ಟಳು. ಅವನದೂ ಬಲಗಾಲೇ. ವಿಶಾಲಾಕ್ಷಮ್ಮನಿಗೆ ಅದನ್ನು ನೋಡುತ್ತ ಕೂರುವುದು ಆಗಲಿಲ್ಲ.

ಕೊನೆಗೆ ಪುಟ್ಟಯ್ಯನೂ ಇನ್ನಿಬ್ಬರೂ ಸೇರಿ ಮೈಭಾರ ಹಾಕಿ ಒತ್ತಿದರು. ಒಳಗೆಲ್ಲೋ ಮೂಳೆ ಟಕ್ಕೆಂದಿತು, ಕಾಲು ಮಡಚಿತು. ಗೋಡೆಗೆ ಒರಗಿಸಿ, ಎದೆಗೆ ಬಟ್ಟೆ ಬಿಗಿದು, ಹಣೆಗೆ ಅಡ್ಡ ವಿಭೂತಿ ಬಳಿದು, ತಿರುವಿ ತಿರುವಿ ಸಡಿಲಾದ ಕತ್ತು ವಾಲದಂತೆ ತಲೆಗೂ ಒಂದು ಬಟ್ಟೆ ಬಿಗಿದು, ಪೇಟ ಇಟ್ಟರು. ತೀರ್ಥಪ್ಪ ತನ್ನ ದಿನಸಿ ಅಂಗಡಿಯ ಗಲ್ಲಾದ ಮುಂದೆ ಕೂತಂತೆ ಕೂತ.

ಹಾರ ಹಿಡಿದು ಬಂದವರಿಗೆಲ್ಲ ಪುಟ್ಟಯ್ಯನದೇ ವಿವರಣೆ.

"ಶಂಕ್ರಿಗೂ ಅವ್ಳ ಪರಿಹಾರದ ದುಡ್ಡಿಗೂ ಕೋರ್ಟು ಇವನನ್ನೇ ಗಾರ್ಡಿಯನ್ ಮಾಡ್ತು ಕಣ್ರೀ. ಬಡ್ಡಿ ತಗೊಂಡು ಮಗೂನ ಸಾಕು ಅಂತ ಕೋರ್ಟೇ ಬರ್ಕೊಟ್ಟಿತ್ತು. ಈ ಮಾರಾಯ ಅದನ್ನೂ ಮುಟ್ಲಿಲ್ಲ. ಅಂಗಡಿ ದುಡ್ಡಲ್ಲೇ ಸಾಕ್ದ. ಹೋದ್ವರ್ಷ ಇಡುಗಂಟು ಅವ್ಳ ಕೈಗೆ ಕೊಡಿಸ್ದಾಗ ಜಡ್ಜಿ ಸಾಹೇಬ್ರು ತುಂಬಿದ ಕೋರ್ಟಲ್ಲಿ ಹೇಳಿದ್ರು, ಇಂಥ ಗಾರ್ಡಿಯನ್ನ ನಾನು ನೋಡೇ ಇಲ್ಲ ಅಂತ."

ಕಡೂರಿನ ನೆಂಟರು ತಲೆದೂಗಿದರು. ಜಗಲಿಯ ತುದಿಯಲ್ಲಿ ನಿಂತಿದ್ದ ಖಾಸಿಂ ಸಾಬ್ ಮಾತ್ರ ನೆಲ ನೋಡುತ್ತಿದ್ದ. ಅವನು ಊರಿನಲ್ಲಿ ಬಾಡಿಗೆ ಕಾರು ಓಡಿಸುವವನು. ತೀರ್ಥಪ್ಪನ ಮನೆಗೆ ನೆಂಟನಲ್ಲ, ಆದರೆ ನೆಂಟರಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿತ್ತು.

*

ಎಪ್ಪತ್ತಾರರ ಬೇಸಿಗೆಯಲ್ಲಿ ತೀರ್ಥಪ್ಪನ ತಮ್ಮ ಮಂಜಪ್ಪ, ಅವನ ಹೆಂಡತಿ, ಮಗಳು ಮೂವರೂ ಒಂದು ಮದುವೆ ಮುಗಿಸಿಕೊಂಡು ಬರುವಾಗ ಬೀರೂರಿನ ಹತ್ತಿರ ಬಸ್ಸು ಮಗುಚಿತು. ಏಳು ವರ್ಷದ ಶಂಕ್ರಿಯೊಬ್ಬಳು ಉಳಿದಳು. ಕಾಲು ಸೀಟಿನ ಕೆಳಗೆ ಸಿಕ್ಕಿ ನಜ್ಜುಗುಜ್ಜಾಗಿತ್ತು. ಎರಡು ವರ್ಷ ಅಲೆದಾಡಿದ ಮೇಲೆ ಕೋರ್ಟು ಪರಿಹಾರ ಕೊಡಿಸಿತು. ಹಣ ಮಗುವಿನ ಹೆಸರಲ್ಲಿ ಕಡೂರಿನ ಬ್ಯಾಂಕಿನಲ್ಲಿರಬೇಕು, ಹದಿನೆಂಟು ತುಂಬಿದಾಗ ಅವಳ ಕೈಗೆ ಹೋಗಬೇಕು. ಅಲ್ಲಿಯ ತನಕ ತೀರ್ಥಪ್ಪ ನೋಡಿಕೊಳ್ಳಬೇಕು. ಬಡ್ಡಿ ಸಾಕುವುದಕ್ಕೆ, ಓದಿಗೋ ಕಾಯಿಲೆಗೋ ಅಸಲು ಬೇಕಾದರೆ ಅರ್ಜಿ ಹಾಕಿ ಕೋರ್ಟಿನ ಅಪ್ಪಣೆ ಪಡೆಯಬೇಕು.

ಕೋರ್ಟಿನವರು ಇಷ್ಟು ಸಲೀಸಾಗಿ ಹೇಳಿದ್ದನ್ನು ಊರಿನವರು ತಮ್ಮ ಲೆಕ್ಕದಲ್ಲಿ ತಿಳಿದುಕೊಂಡರು. "ತಮ್ಮನ ಹೆಣದ ದುಡ್ಡು ತಿನ್ನಾಕೆ ಕೂತವ್ನೆ," ಎಂದು ಹೋಟೆಲಿನ ಬೆಂಚಿನ ಮೇಲೆ ಕೂತು ಹೇಳಿದವನು ಬೇರೆ ಯಾರೂ ಅಲ್ಲ, ಇದೇ ಪುಟ್ಟಯ್ಯ. ಮಾತು ಅಂಗಡಿಯ ತನಕ ಬರುವುದಕ್ಕೆ ಒಂದು ಬೀದಿಯೂ ದಾಟಬೇಕಿರಲಿಲ್ಲ. ತೀರ್ಥಪ್ಪ ಆವತ್ತು ಊಟಕ್ಕೆ ಕೂತವನು ಎದ್ದ. ಬ್ಯಾಂಕಿನ ರಸೀದಿಯನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿಟ್ಟ.

"ಇದು ತಮ್ಮನ ಮೀಸಲು. ಮಗೂ ಕೈಗೆ ಮುಟ್ಸೋ ತಂಕ ಯಾರೂ ಮುಟ್ಟಂಗಿಲ್ಲ."

ಎಮ್ಮೆ ಕರು ಹಾಕಿದ ಮನೆಯಲ್ಲಿ ಮೊದಲ ಬೆಣ್ಣೆಯನ್ನು ದೇವರಿಗೆಂದು ಎತ್ತಿಟ್ಟು, ಒಪ್ಪಿಸುವ ತನಕ ಮಕ್ಕಳು ಅತ್ತರೂ ನಾಲಗೆಗೆ ಸೋಕಿಸದೆ ಇರುತ್ತಾರಲ್ಲ, ಹಾಗೆ. ವಿಶಾಲಾಕ್ಷಮ್ಮನಿಗೂ ಅದು ಸರಿಯೆಂದೇ ಕಂಡಿತು. ಗಂಡನ ಬಗ್ಗೆ ಹೆಮ್ಮೆಯಾಯಿತು ಅಂತಲೇ ಹೇಳಬೇಕು.

ಕೋರ್ಟು ಹಣ ಕೊಡಿಸಿದ ವರ್ಷವೇ ಗಂಡ ಹೆಂಡತಿ ಖಾಸಿಂ ಸಾಬನ ಕಾರಿನಲ್ಲಿ ಶಂಕ್ರಿಯನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಮಗು ಹೊರಗೆ ಬೆಂಚಿನ ಮೇಲೆ ನಿದ್ದೆ ಹೋಗಿತ್ತು. ಎಕ್ಸ್‌ರೇ ಹಿಡಿದು ಬಾಗಿಲಲ್ಲಿ ನಿಂತಿದ್ದ ಖಾಸಿಂ ಸಾಬನಿಗೂ ಕೇಳುವಂತೆ ಡಾಕ್ಟರು ಹೇಳಿದರು: ಮೂಳೆ ವಕ್ರವಾಗಿ ಕೂಡಿಕೊಂಡಿದೆ, ಬೆಂಗಳೂರಿನಲ್ಲಿ ಬಿಡಿಸಿ ಸರಿಯಾಗಿ ಕೂಡಿಸುತ್ತಾರೆ, ಈ ವಯಸ್ಸಿನಲ್ಲೇ ಆಗಬೇಕು, ಆಪರೇಶನ್ ಆದರೆ ಎಲ್ಲ ಮಕ್ಕಳ ಹಾಗೆ ಓಡುತ್ತಾಳೆ. ಖರ್ಚು ದಿನಸಿ ಅಂಗಡಿಯವನ ಕೈಗೆ ಎಟುಕುವಂಥದ್ದಲ್ಲ.

ಬರುವಾಗ ತರೀಕೆರೆಯಲ್ಲಿ ವಕೀಲರ ಮನೆ ಮುಂದೆ ಕಾರು ನಿಂತಿತು. ಅವರು ಆಗಲೇ ಅರ್ಜಿ ಬರೆಸಿ ಮುಂದಿಟ್ಟರು. "ಕಾಯಿಲೆಗೇ ಅಲ್ವೇನ್ರಿ, ಒಂದೇ ಮಾತಿಗೆ ಕೊಡ್ತಾರೆ. ಸೈನ್ ಹಾಕಿ." ತೀರ್ಥಪ್ಪ ಪೆನ್ನು ಹಿಡಿದ. ಹಿಡಿದುಕೊಂಡೇ ಇದ್ದ. ಆಮೇಲೆ ಪೆನ್ನನ್ನು ಅರ್ಜಿಯ ಮೇಲೆ ಇಟ್ಟು ಎದ್ದುಬಂದ.

ಕಾರಿನಲ್ಲಿ ಮಗು ತೊಡೆಯ ಮೇಲೆ ಮಲಗಿತ್ತು. ಅವನು ಹೊರಗೆ ನೋಡುತ್ತ ಹೇಳಿದ: "ಮೀಸಲು ಮುರಿಯೋಕಾಗಲ್ಲ ಕಣೇ. ಕಾಲಿಗೆ ಅಂತ ತೆಗ್ದು, ಕಾಲು ಸರಿಹೋಗದೆ ಇದ್ರೆ? ತಿಂದ ಅಂತಾರೆ. ದುಡ್ಡು ಇಡಿಯಾಗಿದ್ರೆ ನಾಳೆ ಒಂದು ಗಂಡಾದ್ರೂ ಸಿಗ್ತಾನೆ."

ವಿಶಾಲಾಕ್ಷಮ್ಮನ ಕೈಯಲ್ಲಿ ತವರಿನ ಎರಡು ಚಿನ್ನದ ಬಳೆ ಇದ್ದವು. ಇವನ್ನು ಮಾರಿ ಅನ್ನಬೇಕೆಂದುಕೊಂಡಳು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

*

"ಅಕ್ಕಾ," ಎಂದು ಖಾಸಿಂ ಸಾಬ್ ಹಿತ್ತಿಲ ಬಾಗಿಲಿಗೆ ಬಂದು ಮೆಲ್ಲಗೆ ಕರೆದ. ವಿಶಾಲಾಕ್ಷಮ್ಮ ಮುಖ ತೊಳೆಯುವ ನೆಪದಲ್ಲಿ ಅಲ್ಲಿಗೆ ಬಂದಿದ್ದಳು. "ಮಗೂಗೆ ಗೊತ್ತೈತಾ?"

"ಇಲ್ಲ ಸಾಬ್ರೇ."

"ಅಲ್ಲಿ ಪುಟ್ಟಯ್ಯ ಹೇಳೋದು ಕೇಳ್ತಾ ಆ ಮಗು ಇವ್ರ ಕಾಲ ಹತ್ರ ಅಳ್ತಾ ಕೂತೈತೆ. ನಂಗೆ ನಿಂತ್ಕೊಳ್ಳಾಕಾಗ್ಲಿಲ್ಲ, ಅದ್ಕೆ ಬಂದೆ."

"ಹೇಳಿದ್ರೆ ಅವ್ಳೂ ಹೋಗ್ಬಿಡ್ತಾಳೆ. ಆಮೇಲೆ ನಂಗ್ಯಾರವ್ರೆ ಹೇಳಿ?"

ಹಜಾರದಲ್ಲಿ ಭಜನೆಯವರು ತಾಳ ಕುಟ್ಟತೊಡಗಿದ್ದರು. ಇನ್ನು ಎತ್ತುವುದಕ್ಕೆ ಹೆಚ್ಚು ಹೊತ್ತಿರಲಿಲ್ಲ.

*

ಹಣ ಒಪ್ಪಿಸಿದ ದಿನ ತೀರ್ಥಪ್ಪ ಅರಿಶಿನದ ಬಟ್ಟೆ ಬಿಚ್ಚಿ ಶಂಕ್ರಿಯ ಕೈಗೆ ಕೊಟ್ಟಿದ್ದ. ಅವಳು ಕಾಲಿಗೆ ಬಿದ್ದಾಗ ಪಕ್ಕಕ್ಕೆ ಸರಿದು ನಿಂತ. ಮೊದಲಿನಿಂದಲೂ ಅವಳು ನಡೆಯುವುದನ್ನು ಅವನು ನೋಡಿದವನಲ್ಲ. ಅವಳು ಎದ್ದರೆ ಇವನಿಗೆ ಅಟ್ಟದ ಮೇಲಿನ ಡಬ್ಬಿ ನೆನಪಾಗುತ್ತಿತ್ತು, ಇಲ್ಲವೇ ಬೀದಿಯಲ್ಲಿ ಯಾರೋ ಕರೆದಂತಾಗುತ್ತಿತ್ತು.

ಶಂಕ್ರಿ ಹೊಲಿಗೆ ಕಲಿಯಲು ದಿನಾ ಬಸ್ಸಿನಲ್ಲಿ ತರೀಕೆರೆಗೆ ಹೋಗತೊಡಗಿದಳು. ಮನೆ ನಿಶ್ಶಬ್ದವಾಯಿತು. ಮಧ್ಯಾಹ್ನ ಉಣ್ಣುತ್ತ ಕೂತವನು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, "ಶಂಕ್ರಿ ಬಂದ್ಲು, ಬಾಗ್ಲು ತೆಗಿ," ಎನ್ನುವನು. ತೆಗೆದರೆ ಜಗಲಿಯ ಮೇಲೆ ಬಿಸಿಲು ಬಿಟ್ಟರೆ ಇನ್ನೇನೂ ಇಲ್ಲ.

"ಕಾಲು ಎಳೆಯೋದು ಕೇಳ್ಲಿಲ್ವಾ ನಿಂಗೆ?"

"ಅವ್ಳು ಬರೋದು ಸಾಯಂಕಾಲದ ಬಸ್ಸಿಗೆ ಕಣ್ರೀ."

ತಟ್ಟೆಯಲ್ಲೇ ಕೈ ತೊಳೆದುಬಿಡುತ್ತಿದ್ದ. ದಿನೇ ದಿನೇ ಉಣ್ಣುವುದು ಕಡಿಮೆಯಾಯಿತು. ಒಂದು ಮಧ್ಯಾಹ್ನ ಅವನು ತಲೆಯೆತ್ತುವುದಕ್ಕೆ ಮುಂಚೆ ವಿಶಾಲಾಕ್ಷಮ್ಮನಿಗೇ ಕೇಳಿಸಿತು. ಟಪ್ಪೆಂದು ಒಂದು, ಸರ್ರನೆ ಒಂದು, ಜಗಲಿಯ ಕಲ್ಲಿನ ಮೇಲೆ. ಅವಳು ಬಾಗಿಲು ತೆಗೆಯಲು ಏಳಲಿಲ್ಲ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅನ್ನದ ಮುಂದೆ ಸುಮ್ಮನೆ ಕೂತಿದ್ದರು.

*

"ಶಂಕ್ರಿ, ಬಾ ಇಲ್ಲಿ. ಬಾಗ್ಲು ಮುಂದಕ್ಮಾಡು."

ಅಡಿಗೆಮನೆಯಲ್ಲಿ ಒಲೆ ಆರಿತ್ತು. ಶಂಕ್ರಿ ಕಣ್ಣೊರೆಸಿಕೊಳ್ಳುತ್ತ ಬಂದು ಕಾಲು ಚಾಚಿ ಕೂತಳು. ಸುತ್ತಿ ಬಳಸಿ ಹೇಳುವುದಕ್ಕೆ ವಿಶಾಲಾಕ್ಷಮ್ಮನಲ್ಲಿ ತ್ರಾಣವಿರಲಿಲ್ಲ.

"ನಿನ್ನ ಕಾಲು ಸರಿಹೋಗ್ತಿತ್ತು ಕಣೇ. ಶಿವಮೊಗ್ಗದ ಡಾಕ್ಟ್ರು ಆಪರೇಶನ್ ಮಾಡ್ಸಿ ಅಂದಿದ್ರು. ಅರ್ಜಿ ಹಾಕಿದ್ರೆ ಕೋರ್ಟು ನಿನ್ನ ದುಡ್ಡೇ ಕೊಡ್ತಿತ್ತು. ನಿಮ್ಮ ದೊಡ್ಡಪ್ಪ ಸೈನ್ ಹಾಕ್ಲಿಲ್ಲ. ಮೀಸಲು ಅಂದ್ರು. ಜನ ತಿಂದ ಅಂತಾರೆ ಅಂತ ಹೆದರ್ಕೊಂಡ್ರು. ನನ್ನ ಕೈಲಿ ಬಳೆ ಇದ್ವು, ನಾನೂ ಬಿಚ್ಲಿಲ್ಲ."

ಶಂಕ್ರಿ ತನ್ನ ಪಾದದ ಗಂಟನ್ನು ಕೈಯಿಂದ ಹಿಡಿದುಕೊಂಡಳು.

"ನಂಗೆ ಎಷ್ಟು ವರ್ಷ ಆವಾಗ?"

"ಒಂಬತ್ತು."

"ಓಡ್ತಿದ್ನಾ?"

"ಓಡ್ತಾಳೆ ಅಂದಿದ್ರು."

ಬೆಳಿಗ್ಗೆಯಿಂದ ಅತ್ತಿದ್ದವಳ ಅಳು ನಿಂತುಹೋಯಿತು. ವಿಶಾಲಾಕ್ಷಮ್ಮನಿಗೆ ಹೆದರಿಕೆಯಾದದ್ದು ಅದರಿಂದಲೇ. ಕೂಗಾಡಿದ್ದರೆ, ಶಾಪ ಹಾಕಿದ್ದರೆ ತಡೆದುಕೊಳ್ಳಬಹುದಿತ್ತು.

"ಬೈಯೇ. ಏನಾರ ಅನ್ನು."

"ಈಗ ಯಾಕೆ ಹೇಳ್ದೆ ದೊಡ್ಡಮ್ಮ?"

"ಮಣ್ಣು ಮಾಡೋದ್ರೊಳಗೆ ಹೇಳು ಅಂದಿದ್ರು."

ಶಂಕ್ರಿ ಗೋಡೆ ಹಿಡಿದು ಎದ್ದಳು. ಬಾಗಿಲು ತೆಗೆದು ನಿಂತು, ಹಜಾರದಲ್ಲಿ ಹಾರಗಳ ನಡುವೆ ಕೂತ ದೊಡ್ಡಪ್ಪನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಲ್ಲಿಂದಲೇ, ತಿರುಗದೆ, "ಎತ್ತೋ ಹೊತ್ತಾಯ್ತು, ಬಾ," ಎಂದಳು. ಆ ದನಿಯಲ್ಲಿ ಏನಿತ್ತೆಂದು ವಿಶಾಲಾಕ್ಷಮ್ಮನಿಗೆ ತಿಳಿಯಲಿಲ್ಲ.

ತೀರ್ಥಪ್ಪನ ಹೊಲ ಬುಕ್ಕಾಂಬುಧಿಯ ದಾರಿಯಲ್ಲಿತ್ತು. ಗುಂಡಿ ತೋಡಿಯಾಗಿತ್ತು. ವಿಮಾನವನ್ನು ನಾಲ್ವರು ಹೆಗಲಿಗೇರಿಸಿದರು. ಪುಟ್ಟಯ್ಯ ಎಲ್ಲರನ್ನೂ ಹೊರಡಿಸುತ್ತಿದ್ದ.

"ಶಂಕ್ರಿ, ನೀನು ಖಾಸಿಂ ಸಾಬ್ರ ಕಾರಲ್ಲಿ ಬಂದ್ಬಿಡವ್ವ."

"ನಡೀತೀನಿ."

"ಅಷ್ಟು ದೂರ ಆಯ್ತದಾ ನಿಂಗೆ? ಸರಿ, ಹೆಂಗಸ್ರ ಜತೆ ಹಿಂದೆ ನಿಧಾನಕ್ಕೆ ಬಾ."

"ಹಿಂದೆ ಅಲ್ಲ. ಮುಂದೆ ನಡೀತೀನಿ."

ಪುಟ್ಟಯ್ಯ ಅಯ್ಯನೋರ ಮುಖ ನೋಡಿದ. ಅವರು ಸ್ವಲ್ಪ ಯೋಚಿಸಿ, "ಗಂಡುಮಕ್ಳಿಲ್ಲದ ಮನೆ. ಸಾಕಿದ ಮಗಳು, ನಡೀಲಿ ಬಿಡಪ್ಪ," ಎಂದರು.

ಶಂಕ್ರಿ ಸೆರಗು ಸಿಕ್ಕಿಸಿಕೊಂಡು ವಿಮಾನದ ಮುಂದೆ ಹೋಗಿ ನಿಂತಳು. ಅವಳಿಗೂ ಅದಕ್ಕೂ ನಡುವೆ ಯಾರೂ ಇರಲಿಲ್ಲ. ನಡೆಯತೊಡಗಿದಳು. ಎಡಗಾಲು ಬಿತ್ತು, ಬಲಗಾಲು ಎಳೆದುಕೊಂಡು ಬಂತು. ರಸ್ತೆಯ ಮಣ್ಣಿನಲ್ಲಿ ಒಂದು ಕಡೆ ಹೆಜ್ಜೆ, ಇನ್ನೊಂದು ಕಡೆ ಗೀರು ಮೂಡುತ್ತ ಹೋಯಿತು. ಹೊತ್ತವರಿಗೆ ಈ ನಡಿಗೆ ಒಗ್ಗಲಿಲ್ಲ. ಒಂದು ಹೆಜ್ಜೆ ಇಟ್ಟು ನಿಲ್ಲಬೇಕು, ಇನ್ನೊಂದು ಇಟ್ಟು ನಿಲ್ಲಬೇಕು. ತಾಳದವರೂ ಲಯ ತಪ್ಪಿ, ಹುಡುಕಿ, ಕೊನೆಗೆ ಅವಳ ಕಾಲಿಗೇ ತಾಳ ಹಾಕಿಕೊಂಡರು. ಇಡೀ ಊರು ಶಂಕ್ರಿ ನಡೆದಂತೆ ನಡೆಯಿತು.

"ಹಿಂಗಾದ್ರೆ ಹೊತ್ತು ಮುಳುಗ್ತೈತೆ," ಎಂದು ಪುಟ್ಟಯ್ಯ ಗೊಣಗಿದ. ಕಾರನ್ನು ಅಲ್ಲೇ ಬಿಟ್ಟು ನಡೆದು ಬರುತ್ತಿದ್ದ ಖಾಸಿಂ ಸಾಬ್, "ಮುಳುಗ್ಲಿ ಬಿಡಪ್ಪ," ಎಂದ.

ರೈಲ್ವೆ ಗೇಟು ದಾಟುವಾಗ ಕುಲುಕಾಟಕ್ಕೆ ತೀರ್ಥಪ್ಪನ ಹಣೆಯನ್ನು ಹಿಂದಕ್ಕೆ ಬಿಗಿದಿದ್ದ ಬಟ್ಟೆ ಸಡಿಲವಾಯಿತು. ಕಟ್ಟಿ ಕೂರಿಸಿದವನಿಗೆ ಮುಖ ಆಚೆ ತಿರುಗಿಸುವಂತಿರಲಿಲ್ಲ. ಪೂರಾ ಮುಚ್ಚದ ಕಣ್ಣಿನ ಎದುರಿಗೆ ಶಂಕ್ರಿಯ ಬೆನ್ನು, ಶಂಕ್ರಿಯ ಕಾಲು.

"ತಡೀರಿ, ಬಟ್ಟೆ ಬಿಗೀತೀನಿ," ಎಂದು ಪುಟ್ಟಯ್ಯ ಮುಂದೆ ಬಂದ.

ಹಿಂದಿನಿಂದ ವಿಶಾಲಾಕ್ಷಮ್ಮ, "ಬಿಡು ಪುಟ್ಟಯ್ಯ. ಹಂಗೇ ಇರ್ಲಿ," ಎಂದಳು.

ಶಂಕ್ರಿ ತಿರುಗಿ ನೋಡಲಿಲ್ಲ. ಅವಳು ಕಾಲು ಎಳೆದಾಗಲೆಲ್ಲ ಹೊತ್ತವರು ನಿಲ್ಲುತ್ತಿದ್ದರು. ಅವರು ನಿಂತಾಗಲೆಲ್ಲ ತೀರ್ಥಪ್ಪನ ತಲೆ ಎದೆಯ ತನಕ ಬಾಗುತ್ತಿತ್ತು, ಏಳುತ್ತಿತ್ತು, ಮತ್ತೆ ಬಾಗುತ್ತಿತ್ತು.