ಜೋಡಿಸುವವರಿಗೆ ಬಿಟ್ಟ ಗಡಿಗೆ

ಮುಟ್ಟಬಾರದು ಎಂದು ಬರೆದಿಟ್ಟರೆ ಅದು ಪ್ರದರ್ಶನವಲ್ಲ, ಜೈಲು. ಹಳೇ ವಸ್ತುಗಳ ಇಲಾಖೆಯ ರಾಯಚೂರಿನ ಸಾಹೇಬರಿಗೂ ಇದನ್ನು ಮುಖಕ್ಕೆ ಹೊಡೆದಂತೆ ಹೇಳಿದ್ದೆ.

ಅರವತ್ತೆರಡನೇ ಇಸವಿ. ಮಸ್ಕಿಯ ಹತ್ತಿರ ಕಾಲುವೆ ಅಗೆಯುವಾಗ ಹಳೇ ಗಡಿಗೆಗಳ ಚೂರು ಬುಟ್ಟಿಗಟ್ಟಲೆ ಸಿಕ್ಕವು. ಡ್ರಾಯಿಂಗ್ ಮಾಸ್ತರನಾದ ನನಗೆ ಸಾಹೇಬರು ಸಂತೆಬೀದಿಯಲ್ಲೊಂದು ಖೋಲಿ ಕೊಟ್ಟು, ಜನ ನೋಡುವ ಹಾಗೆ ಇಡು ಎಂದರು. ನಾನು ಗಾಜಿನ ಪೆಟ್ಟಿಗೆ ಕೇಳಲಿಲ್ಲ. ಉದ್ದನೆಯ ಮೇಜಿನ ಮೇಲೆ ಚೂರುಗಳನ್ನು ಹರಡಿ, ಅಂಟಿನ ಡಬ್ಬಿ ಇಟ್ಟು, ‘ಮುಟ್ಟಿರಿ, ಜೋಡಿಸಿರಿ’ ಎಂದು ಬೋರ್ಡು ಬರೆದೆ. ನಿಮ್ಮ ಹೊಲದಲ್ಲಿ ಸಿಕ್ಕ ಚೂರನ್ನೂ ತನ್ನಿರಿ ಎಂದು ಡಂಗುರ ಹೊಡೆಸಿದೆ. ನಮ್ಮ ಕಡೆ ಹಾಲುಗೂಸು ಸತ್ತರೆ ಸುಡುವುದಿಲ್ಲ, ಗಡಿಗೆಯಲ್ಲಿಟ್ಟು ಹೊಲದ ಬದುವಿನಲ್ಲಿ ಹೂಳುತ್ತಾರೆ. ಅದು ನನ್ನ ಮಂಡೆಗೆ ಹೊಳೆಯಲೇ ಇಲ್ಲ, ನೋಡಿ!

ಮೊದಲ ಸಂತೆಗೇ ಅಮರಮ್ಮ ಬಂದಳು, ಕಾಲುವೆಗೆ ಮಣ್ಣು ಹೊರುವವಳು. ಮೂರು ವರ್ಷದ ಹಿಂದೆ ಅವಳು ಕೂಸನ್ನು ಹೂಳಿದ್ದ ಬದುವನ್ನು ಕಾಲುವೆ ಸೀಳಿಕೊಂಡು ಹೋಗಿತ್ತು.

“ನನ್ನ ಗಡಿಗಿ ಇದರಾಗ ಐತೇನೋ ಹುಡುಕ್ತೀನ್ರಿ ಮಾಸ್ತರ. ಒಳಗ ಅರಿಷಿಣ ಬಳದಿದ್ದೆ.”

“ಇವು ಸಾವಿರಾರು ವರ್ಷದವು ಬೇ ಯವ್ವಾ.”

“ಆಗಿನವರೂ ಕೂಸುಗಳನ್ನ ಗಡಿಗ್ಯಾಗ ಇಡ್ತಿದ್ರು ಅಂತ ನೀವ ಹೇಳಾಕತ್ತಿದ್ರೆಲ್ಲ. ಅದರಾಗ ನಂದೂ ಕೂಡಿ ಹೋಗಿರಬೇಕು.”

ಕೂತು ಹುಡುಕಲಿ ಎಂದು ಮಣೆಯೊಂದನ್ನು ಅವಳ ಕಡೆ ಸರಿಸಿದೆ.

ಉಳಿದವರು ಗಂಟೆಗಟ್ಟಲೆ ತಿಣುಕಿ ಎರಡು ಚೂರು ಜೋಡಿಸಿದರೆ ದೊಡ್ಡದು. ಅಮರಮ್ಮನ ಕೈಯಲ್ಲಿ ಮಾತ್ರ ಒಂದು ಕೆಂಪು ಗಡಿಗೆ ಸಂತೆಯಿಂದ ಸಂತೆಗೆ ಮೇಲೇರುತ್ತಿತ್ತು. ಅಂಟಿನ ಡಬ್ಬಿಯ ಕಡೆ ಅವಳು ತಿರುಗಿಯೂ ನೋಡಲಿಲ್ಲ.

“ಆಕಿ ಜೋಡಸಾಕತ್ತಿಲ್ರಿ ಮಾಸ್ತರ,” ಎಂದ ಜವಾನ ಹಸನ್‌ಸಾಬ್, ದನಿ ತಗ್ಗಿಸಿ. “ಚೂರು ತಾವ ಹೋಗಿ ಕೂಡಾಕತ್ಯಾವ.”

“ಮುಂಜಾನೆ ಮುಂಜಾನೇನ ಏರಿಸ್ಕೊಂಡು ಬಂದೀಯೇನಲೇ?” ಎಂದು ಗದರಿದೆ. ಆಮೇಲೆ ಅವಳ ಬೆರಳ ಬಳಿಯ ಚೂರನ್ನೇ ದಿಟ್ಟಿಸಿದೆ. ಅದು ಒಂದು ಕಡಲೆಕಾಳಿನಷ್ಟು ಸರಿಯಿತು. ಅವಳು ಇನ್ನೂ ಮುಟ್ಟಿರಲಿಲ್ಲ.

ನಾಲ್ಕನೇ ಸಂತೆಯ ದಿನ, ನಡುಮಧ್ಯಾಹ್ನ, ಗಡಿಗೆ ಪೂರ್ತಿಯಾಯಿತು. ಅಮರಮ್ಮ ಒಳಗೆ ಬಗ್ಗಿ ನೋಡಿದಳು. ಅರಿಷಿಣದ ಗುರುತೇ ಇರಲಿಲ್ಲ. ಆದರೂ ನಂಬದೆ, ಮೊಣಕೈವರೆಗೆ ಕೈ ಇಳಿಬಿಟ್ಟು ತಡವಿದಳು. ತಡವುತ್ತಾ ತಟ್ಟನೆ ನಿಂತಳು.

“ಏನಾತು?”

“ನನ್ನ ಕೈಬೊಟ್ಟು ಹಿಡದೈತ್ರಿ.”

“ಹುಚ್ಚಿ! ಖಾಲಿ ಗಡಿಗ್ಯಾಗ ಯಾವುದು ಹಿಡಿತೈತಿ? ತಗಿ ಕೈ!” ಸಿಟ್ಟಿನಿಂದ ನಾನೂ ಕೈ ಹಾಕಿದೆ. ಬಾಯಿ ಅಗಲವಾಗಿತ್ತು. ಒಳಗೆ ಬಾವಿಯ ತಂಪು. ಆಗ ನನ್ನ ಕಿರುಬೆರಳನ್ನು ಏನೋ ಸುತ್ತಿಕೊಂಡಿತು, ಮೆತ್ತಗೆ, ಒದ್ದೆಯಾಗಿ. ಎಣಿಸಿದೆ. ಐದಿದ್ದವು.

ಕೈ ಕಿತ್ತುಕೊಂಡು ಗೋಡೆಗೆ ಹೋಗಿ ಆತುಕೊಂಡೆ. ಹೆದರಿದ್ದೆ, ಸುಳ್ಳೇಕೆ ಹೇಳಲಿ. ಅಮರಮ್ಮ ಮಾತ್ರ ಕದಲಲಿಲ್ಲ.

“ಇದು ನನ್ನದಲ್ರಿ ಮಾಸ್ತರ. ಇದರವ್ವ ಯಾವಾಗೋ ಸತ್ತು ಹೋಗ್ಯಾಳ.” ಆಮೇಲೆ ಗಡಿಗೆಯೊಳಗೆ ಬಾಗಿ ಕೇಳಿದಳು: “ಬರ್ತೀಯೇನಪ್ಪಾ ನನ್ನ ಕೂಡ?”

ಒಳಗಿನ ಹಿಡಿತ ಸಡಿಲಾಗಿ ಅವಳ ಕೈ ಸಲೀಸಾಗಿ ಹೊರಗೆ ಬಂತು.

ಮರುದಿನ ಸಾಹೇಬರು ಬರುವವರಿದ್ದರು, ಇದೇ ಗಡಿಗೆ ನೋಡಲು. ಇದು ಇಲ್ಲವೆಂದರೆ ನನ್ನ ಖೋಲಿಯೂ ಇಲ್ಲ. ಬೇಡ ಎನ್ನಲು ಬಾಯಿ ತೆರೆದೆ.

“ನನ್ನ ಕೂಸನ್ನೂ ಯಾವಾಕೆರ ಹಿಂಗ ಎತ್ಕೊಂಡಿದ್ರ ಸಾಕ್ರಿ,” ಎಂದಳು ಅಮರಮ್ಮ. ಅವಳು ಅಳುತ್ತಿರಲಿಲ್ಲ, ಅಳುತ್ತಿದ್ದವನು ನಾನು.

“ಒಯ್ಯಿ ಯವ್ವಾ,” ಎಂದೆ.

ಗಡಿಗೆಯನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು ಅವಳು ನನ್ನ ಪಕ್ಕದಲ್ಲೇ ಹಾದುಹೋದಳು. ಮೂರು ವರ್ಷದ ಹಿಂದೆ ಬತ್ತಿದ ಎದೆ. ಅವಳ ಕುಪ್ಪಸದ ಮುಂಭಾಗವೆಲ್ಲ ಹಾಲಿನಿಂದ ತೊಯ್ದಿತ್ತು.