ಮೇಡಂ ಕೂಗದ ಅರ್ಧ ಆಟ

ಉಪ್ಪು ಜಾಸ್ತಿ ಆಗೇದ, ನಿಂಬೆಹೋಳು ತಾಗಿದ ಕೂಡಲೇ ಗಂಗಾಂಬಿಕಾಳ ಗಂಟಲು ಚುರ್ ಎಂದಿತು, ಕೂಗಿ ಕೂಗಿ ಒಡೆದ ಗಂಟಲು, ಅರ್ಧ ಆಟಕ್ಕೇ ಹಿಂಗಾದರೆ ಇನ್ನರ್ಧಕ್ಕೆ ಏನು ಮಾಡೋದು, ಸಂಡೂರಿನವರು ಆಗಲೇ ಎರಡು ಗೋಲು ಹೊಡೆದು ಅತ್ತ ಬೇವಿನ ನೆರಳಲ್ಲಿ ನಗುತ್ತಿದ್ದಾರೆ, ಇತ್ತ ತನ್ನ ಹೊಸಪೇಟೆಯ ಹುಡುಗಿಯರು ತಲೆ ತಗ್ಗಿಸಿ ನೀರು ಕುಡಿಯುತ್ತಿದ್ದಾರೆ, ಒಬ್ಬಳಾದರೂ ಮುಖ ಎತ್ತಬಾರದೇ, ಹದಿನಾರು ವರ್ಷ ಪಿ.ಟಿ. ಟೀಚರಾಗಿ ದುಡಿದ ಮೇಲೆ ಮೊದಲ ಸಲ ಜಿಲ್ಲಾ ಹಾಕಿ ಫೈನಲ್, ಸೋಲು ಬಂದರೆ ಬರಲಿ, ಹಿಂಗ ಹೆದರಿ ಸೋಲೋದಾ? ಮೈದಾನದಾಚೆ ಅದಿರು ಲಾರಿಗಳು ಒಂದರ ಹಿಂದೊಂದು, ಎಲ್ಲವೂ ಬೇಲೆಕೇರಿ ಬಂದರಿಗಂತೆ, ಅವುಗಳ ಹಾರ್ನಿಗಿಂತ ಮೇಲೆ ಹೋಗಬೇಕೆಂದೇ ತಾನು ಅಷ್ಟು ಕೂಗಿದ್ದು ಅಂತ ಒಂದು ನೆವ, ಆದರೆ ಲಾರಿ ಇಲ್ಲದ ಕಾಲದಲ್ಲೂ ಕೂಗುತ್ತಿದ್ದಳಲ್ಲ, ಶಾಲೆಯಲ್ಲಿ ತನಗೆ ಆಟ ಕಲಿಸಿದ ವಾಸುದೇವ ಸರ್ ಹೇಳಿಕೊಟ್ಟ ಪಾಠವೇ ಅದು, ಹೆದರಿಕಿ ಇಲ್ಲದ ಕಾಲು ಓಡಂಗಿಲ್ಲ ನೋಡವಾ, ಅನ್ನುತ್ತಿದ್ದರು, ಅವರ ಕೈಕೆಳಗೆ ತಾನೂ ಒಂದು ಕಪ್ ಗೆದ್ದಿದ್ದಳು, ಫೈನಲ್‌ನಲ್ಲಿ ಎರಡು ಗೋಲು ಹೊಡೆದವಳೇ ತಾನು, ಆ ಗೋಲುಗಳು ಹೇಗಿದ್ದವು— ಎಡಗಡೆಯಿಂದಲೋ, ನೇರವೋ— ನೆನಪಾಗುತ್ತಿಲ್ಲ, ಸರ್ ಕುತ್ತಿಗೆಯ ಉಬ್ಬಿದ ನರ ಮಾತ್ರ ಕಾಣುತ್ತಿದೆ.

ಗೋಲ್‌ಕೀಪರ್ ಸ್ಫೂರ್ತಿ ಬಂದು ನಿಂತಿದ್ದಾಳೆ, ಪ್ಯಾಡಿನ ಪಟ್ಟಿ ಬಿಚ್ಚುತ್ತಾ, ನನ್ನ ತಗೀರಿ ಮೇಡಂ, ಬ್ಯಾರೇದಾಕಿನ್ನ ನಿಲ್ಲಸ್ರಿ. ತೆಗೆಯಬೇಕೆಂದೇ ಇದ್ದಳು ಗಂಗಾಂಬಿಕಾ, ಎರಡನೇ ಗೋಲು ಬರುವಾಗ ಈ ಹುಡುಗಿ ಚೆಂಡು ಬಿಟ್ಟು ಗೆರೆಯಾಚೆ ನಿಂತ ತನ್ನ ಕಡೆ ತಿರುಗಿದ್ದಳಲ್ಲ, ಯಾಕ ನೋಡಿದೆಲೇ ನನ್ನ ಕಡಿ, ನಾನೇನ್ ಚೆಂಡೇನು? ಉತ್ತರ ಕೊಟ್ಟವಳು ಕ್ಯಾಪ್ಟನ್ ಜಂಬಕ್ಕ, ಪಾಪಿನಾಯಕನಹಳ್ಳಿಯ ಲಾರಿ ಡ್ರೈವರ್ ಮಗಳು, ಯಾರ ಮುಂದೂ ದನಿ ಎತ್ತದವಳು, ಸಿಟ್ಟಾಗಬ್ಯಾಡ್ರಿ ಮೇಡಂ, ಲಾರಿ ಸಪ್ಪಳ ನಮಗ ರೂಢಿ ಆಗೇದ, ನೀವು ಕೂಗಿದ್ರ ಮಾತ್ರ ಚೆಂಡ ಕಾಣಂಗಿಲ್ರಿ, ನೀವ ಕಾಣ್ತೀರಿ. ಎಷ್ಟು ಸೊಕ್ಕು ಇವಳಿಗೆ, ಕೈ ತಾನಾಗಿ ಸೀಟಿಯ ದಾರಕ್ಕೆ ಹೋಯಿತು, ಆಮೇಲೆ ಮತ್ತೆ ಆ ಉಬ್ಬಿದ ನರ, ಅದು ವಾಸುದೇವ ಸರ್ ಕುತ್ತಿಗೆಯದೋ ತನ್ನದೋ— ಗಂಗಾಂಬಿಕಾ ಮಂಡಿಯೂರಿ ಸ್ಫೂರ್ತಿಯ ಪ್ಯಾಡಿನ ಪಟ್ಟಿಯನ್ನು ತಾನೇ ಮತ್ತೆ ಬಿಗಿದಳು, ನೀನ ನಿಲ್ಲು, ನಾ ಕೂಗಂಗಿಲ್ಲ, ಹೋಗ್ರಿ ಎಲ್ಲಾರು.

ಸುಮ್ಮನೆ ಕೂರುವುದು ಇಷ್ಟು ಕಷ್ಟವೆಂದು ಯಾರು ಹೇಳಿದ್ದರು, ಬೆಂಚಿನ ಮೇಲೆ ಎರಡೂ ಅಂಗೈ ತೊಡೆಯಡಿ ಇಟ್ಟು ಕೂತಳು, ಮೊದಲ ಐದು ನಿಮಿಷ ಹುಡುಗಿಯರು ತನ್ನ ಕಡೆ ಕದ್ದು ನೋಡಿದರು, ದನಿ ಬರಲಿಲ್ಲ, ಆಮೇಲೆ ನೋಡುವುದನ್ನು ಬಿಟ್ಟರು, ಒಬ್ಬರನ್ನೊಬ್ಬರು ಕರೆಯತೊಡಗಿದರು, ಇತ್ತ ಕೊಡಲೇ, ಬಿಡು ಬಿಡು ನಾ ಅದೀನಿ, ಇವರಿಗೆ ದನಿ ಇತ್ತೇ, ಎಲ್ಲಿಟ್ಟಿದ್ದರು ಇಷ್ಟು ದಿನ, ಜಂಬಕ್ಕ ಮೂವರ ನಡುವಿನಿಂದ ಚೆಂಡು ತಂದು ಗೋಲಿನ ಹಲಗೆಗೆ ಠಣ್ ಎಂದು ಹೊಡೆದಳು, ಒಂದು-ಎರಡು. ಅಷ್ಟರಲ್ಲಿ ಸಂಡೂರಿನ ಎತ್ತರದ ಹುಡುಗಿ ಒಬ್ಬಳೇ ನುಗ್ಗಿ ಬಂದಳು, ಮುಂದೆ ಸ್ಫೂರ್ತಿ ಬಿಟ್ಟರೆ ಯಾರಿಲ್ಲ, ಮುಂದಕ್ಕ ಬಾಲೇ, ಈಗ, ಈಗ— ಗಂಟಲಿಗೆ ಬಂದ ಮಾತನ್ನು ಗಂಗಾಂಬಿಕಾ ನುಂಗಿದಳು, ಸ್ಫೂರ್ತಿ ಬರಲಿಲ್ಲ, ಕಾದಳು, ಇನ್ನೂ ಕಾದಳು, ನಾನು ಕೂಗಿದ್ದರೆ ಆಗಲೇ ಓಡಿಸಿ ಕೆಡಿಸುತ್ತಿದ್ದೆ, ಆ ಎತ್ತರದವಳು ಸ್ಫೂರ್ತಿಯ ಬಲಕ್ಕೆ ತೋರಿಸಿ ಎಡಕ್ಕೆ ತಳ್ಳಿದಳು, ಆಗ ಸ್ಫೂರ್ತಿಯ ಎಡಗಾಲು ಚಾಚಿತು.

ಆಟ ಒಂದು-ಎರಡರಲ್ಲೇ ಮುಗಿಯಿತು, ಸೋತರು. ಬಸ್ಸಿನಲ್ಲಿ ಹುಡುಗಿಯರು ಅಳಲಿಲ್ಲ, ಜಗಳವಾಡುತ್ತಿದ್ದಾರೆ, ನೀ ಕೊಟ್ಟಿದ್ರ ಸಮ ಆಗ್ತಿತ್ತು, ನೀ ಓಡಿದ್ರ ಕೊಡ್ತಿದ್ದೆ, ತನ್ನನ್ನು ಯಾರೂ ಏನೂ ಕೇಳುತ್ತಿಲ್ಲ, ಕಿಟಕಿಗೆ ತಲೆಯಾನಿಸಿದ ಗಂಗಾಂಬಿಕಾಳಿಗೆ ಅದರಿಂದ ಚೂರು ನೋವು, ಚೂರು ಹಗುರ, ಈ ಆಟ ಮಾತ್ರ ಇವರಿಗೆ ನೆನಪಿರುತ್ತದೆ, ಪೂರಾ ನೆನಪಿರುತ್ತದೆ, ನಾಳೆ ಬೆಳಿಗ್ಗೆ ಏನು ಹೇಳಿಕೊಡಲಿ, ಅದಕ್ಕೂ ಮೊದಲು ಏನು ಕೇಳಲಿ, ಯಾಕ ಕಾದೆ, ಹೆಂಗ ಗೊತ್ತಾತು ನಿನಗ ಎಡಕ್ಕ ಅಂತ, ಕಣ್ಣು ಮುಚ್ಚಿದರೆ ಆ ಕಾಲು, ತೆರೆದರೂ ಆ ಕಾಲು, ಯಾರೂ ಹೇಳದೆ ತಾನಾಗಿ ಚಾಚಿದ ಎಡಗಾಲು.